ಕೊಳೆಗೇರಿ ಮಕ್ಕಳಲ್ಲಿ ಬೆಳವಣಿಗೆಯ ಅಂಗವೈಕಲ್ಯ: ಮನೆಮನೆ ಸಮೀಕ್ಷೆ ಮಾಡುವುದು ಹೇಗೆ

ಬೆಂಗಳೂರಿನ ಯಾವುದೇ ಕೊಳೆಗೇರಿಯಲ್ಲಿ ಮಾತು, ನಡಿಗೆ, ಕಲಿಕೆ, ಕೇಳಿಸುವಿಕೆಯ ತೊಂದರೆ ಇರುವ ಮಕ್ಕಳು ಎಷ್ಟಿದ್ದಾರೆ ಎಂದು ವಿಚಾರಿಸಿದರೆ ಅಂಗನವಾಡಿಯವರು ಒಂದು ಸಂಖ್ಯೆ ಹೇಳುತ್ತಾರೆ, ಶಾಲೆಯವರು ಇನ್ನೊಂದು, ಹತ್ತಿರದ ಆಸ್ಪತ್ರೆಯವರು ಮತ್ತೊಂದು. ಮೂರೂ ನಿಜಕ್ಕಿಂತ ಕಡಿಮೆಯೇ ಇರುತ್ತವೆ. ನಡೆಯಲಾಗದ ಮಗು ಅಂಗನವಾಡಿಗೆ ಬರುವುದಿಲ್ಲ, ಕಲಿಯಲಾಗದ ಮಗು ಮೂರನೇ ತರಗತಿ ಮುಗಿಸುವುದರೊಳಗೆ ಶಾಲೆ ಬಿಟ್ಟಿರುತ್ತದೆ, ಆಟೊ ಬಾಡಿಗೆಗೆ ದುಡ್ಡಿಲ್ಲದ ಮನೆಯ ಮಗು ಆಸ್ಪತ್ರೆಯ ದಾಖಲೆ ಪುಸ್ತಕಕ್ಕೆ ಸೇರುವುದೇ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ತಂಡಗಳು ಅಂಗನವಾಡಿಗಳನ್ನೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನೂ ನೋಡುತ್ತವೆ. ತಿಂಗಳಿಗೆ ಕೆಲವು ನೂರು ರೂಪಾಯಿ ಶುಲ್ಕದ ಖಾಸಗಿ ಕಾನ್ವೆಂಟಿಗೆ ಹೋಗುವ ಕೊಳೆಗೇರಿಯ ಮಗುವೂ, ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದ ಮಗುವೂ ಆ ತಂಡದ ಕಣ್ಣಿಗೆ ಬೀಳುವುದು ಕಷ್ಟ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ, ಅಂದರೆ ಜನಸಂಖ್ಯೆಯ ಶೇ 2.21 ಎಂದಿತು. ಎಂಟೇ ವರ್ಗಗಳಲ್ಲಿ ಎಣಿಸಿದ ಆ ಲೆಕ್ಕದಲ್ಲಿ ಆಟಿಸಂಗೆ ಪ್ರತ್ಯೇಕ ಜಾಗ ಇರಲಿಲ್ಲ. ಇನ್‌ಕ್ಲೆನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದವರು ಪಲ್ವಲ್, ಕಾಂಗ್ಡಾ, ಢೇಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ನಲ್ಲಿ 3,964 ಮಕ್ಕಳನ್ನು ತಜ್ಞರಿಂದಲೇ ಪರೀಕ್ಷೆ ಮಾಡಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯದನ್ನೇ ಹೇಳುತ್ತದೆ. ನರಸಂಬಂಧಿ ಬೆಳವಣಿಗೆಯ ತೊಂದರೆ ಎರಡರಿಂದ ಆರು ವರ್ಷದೊಳಗಿನವರಲ್ಲಿ ಶೇ 9.2, ಆರರಿಂದ ಒಂಬತ್ತು ವರ್ಷದವರಲ್ಲಿ ಶೇ 13.6. ಚಿಕ್ಕ ಮಕ್ಕಳ ಗುಂಪಿನಲ್ಲಿ ಒಂದು ಊರಿನ ಪ್ರಮಾಣ ಶೇ 2.9 ಇದ್ದರೆ ಇನ್ನೊಂದರದ್ದು ಶೇ 18.7. ಊರಿಂದ ಊರಿಗೆ ಇಷ್ಟು ಅಂತರ ಇರುವಾಗ ಬೇರೆ ಕಡೆಯ ಸರಾಸರಿಯನ್ನು ತಂದು ನಮ್ಮ ಬಡಾವಣೆಗೆ ಗುಣಿಸಿ ಯೋಜನೆ ಮಾಡುವುದು ಸರಿಯಲ್ಲ. ಇಲ್ಲಿಯದನ್ನು ಇಲ್ಲೇ ಎಣಿಸಬೇಕು.

ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ, ವಿಶೇಷ ಶಿಕ್ಷಣದ ವಿದ್ಯಾರ್ಥಿಗಳು ಮತ್ತು ಸಣ್ಣ ಸಂಸ್ಥೆಗಳು ಇಂಥ ಸಮೀಕ್ಷೆಯನ್ನು ಕ್ರಮವಾಗಿ ಮಾಡುವ ಬಗೆ ಇದು. ಉದಾಹರಣೆ ಬೆಂಗಳೂರಿನದು. ಹುಬ್ಬಳ್ಳಿ, ಕಲಬುರಗಿ, ಮಂಗಳೂರಿಗೂ ಕ್ರಮ ಹೆಚ್ಚುಕಡಿಮೆ ಇದೇ.

1. ಮೊದಲು ಚಿಕಿತ್ಸೆಯ ದಾರಿ, ಆಮೇಲೆ ಪ್ರಶ್ನಾವಳಿ

ಮಗುವಿಗೆ ತೊಂದರೆ ಇದೆ ಎಂದು ತಾಯಿಗೆ ಹೇಳಿ ಕೈತೊಳೆದುಕೊಳ್ಳುವ ಸಮೀಕ್ಷೆಯನ್ನು ಮಾಡದಿರುವುದೇ ಒಳ್ಳೆಯದು. ಮೊದಲ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ಇಷ್ಟು ಬರವಣಿಗೆಯಲ್ಲಿ ಸಿದ್ಧವಿರಬೇಕು: ಯಾವ ತೊಂದರೆಗೆ ಯಾವ ಆಸ್ಪತ್ರೆ, ವಾರದ ಯಾವ ದಿನ, ಎಷ್ಟು ಗಂಟೆಗೆ ಚೀಟಿ, ಯಾವ ದಾಖಲೆ ಬೇಕು, ಬಸ್ಸು ಯಾವುದು. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ. ಕಿವಿ ಮತ್ತು ಮಾತಿನ ವಿಚಾರಕ್ಕೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಈ ಪಟ್ಟಿಯನ್ನು ಫೋನಿನಲ್ಲಿ ಕೇಳಿ ಬರೆದುಕೊಂಡರೆ ಸಾಲದು, ಒಬ್ಬರು ಖುದ್ದಾಗಿ ಹೋಗಿ ಸಾಲಿನಲ್ಲಿ ನಿಂತು ನೋಡಿಬರಬೇಕು. ಬೆಳಿಗ್ಗೆ ಎಂಟಕ್ಕೆ ಮುಗಿಯುವ ಚೀಟಿಗೆ ತಾಯಿಯನ್ನು ಹತ್ತಕ್ಕೆ ಕಳಿಸಿದರೆ ಅವಳಿಗೆ ಒಂದು ದಿನದ ಕೂಲಿ ಹೋಗುತ್ತದೆ. ಎರಡನೇ ಸಲ ಅವಳು ಬರುವುದಿಲ್ಲ.

ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿಯ ಅನುಮತಿ ಇಲ್ಲದೆ ಕೆಲಸ ಶುರು ಮಾಡಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ಅಷ್ಟು ಚಿಕ್ಕವರಿಂದ ಬಾಯಿಮಾತಿನ ಸಮ್ಮತಿ ಸಾಕು, ಆದರೆ ಅದನ್ನು ದಾಖಲಿಸಬೇಕು. ಓದಲು ಬಾರದ ತಾಯಿಗೆ ಒಪ್ಪಿಗೆ ಪತ್ರವನ್ನು ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಮುಂದೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿ. ಆ ಸಾಕ್ಷಿ ಬೀದಿಯ ಮುಖಂಡನಾಗಬಾರದು, ಅವನೆದುರು ಬೇಡ ಎನ್ನಲು ಆಕೆಗೆ ಧೈರ್ಯ ಸಾಲದು.

ಸಮಿತಿಗೆ ಅರ್ಜಿ ಹಾಕುವಾಗಲೇ ಇನ್ನೊಂದು ತೀರ್ಮಾನ ಆಗಿರಬೇಕು. ಮಗುವನ್ನು ಸೀರೆಯಿಂದಲೋ ಹಗ್ಗದಿಂದಲೋ ಮಂಚದ ಕಾಲಿಗೆ ಕಟ್ಟಿರುವ ಮನೆ ಸಿಕ್ಕರೆ ಏನು ಮಾಡುವುದು? ಇಂಥದ್ದು ಬಹಳಷ್ಟು ಸಲ ಕ್ರೌರ್ಯದಿಂದ ಆಗುವುದಲ್ಲ. ತಾಯಿ ಮನೆಗೆಲಸಕ್ಕೆ ಹೊರಟಾಗ, ಹೇಳಿದ್ದು ಅರ್ಥವಾಗದ ಏಳು ವರ್ಷದ ಮಗ ಮುಖ್ಯರಸ್ತೆಗೆ ಓಡಿಹೋಗದಿರಲಿ ಎಂದು ಮಾಡಿದ ಏರ್ಪಾಡು. ಅಲ್ಲಿ ಮೊದಲು ಬೇಕಾದದ್ದು ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವ ಜಾಗ. ಗಾಯ, ಹಸಿವು, ಹೊಡೆತದ ಗುರುತು ಕಂಡರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ, ಅದರಲ್ಲಿ ಆಯ್ಕೆ ಇಲ್ಲ. ಗೌಪ್ಯತೆಯ ಭರವಸೆ ಈ ಒಂದು ಕಡೆ ನಿಲ್ಲುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲೇ ಹೇಳಿರಬೇಕು.

2. ಎಷ್ಟು ಮಕ್ಕಳು ಬೇಕು

ವಯಸ್ಸಿನ ವ್ಯಾಪ್ತಿಯನ್ನು ಎರಡು ವರ್ಷ ತುಂಬಿದಲ್ಲಿಂದ ಹತ್ತು ತುಂಬುವವರೆಗೆ ಇಟ್ಟುಕೊಳ್ಳಿ. ಎರಡು ವರ್ಷದೊಳಗಿನವರಿಗೆ ಉಪಕರಣವೇ ಬೇರೆ. 17 ಅಂಶಗಳ ತಿರುವನಂತಪುರ ಬೆಳವಣಿಗೆ ತಪಾಸಣಾ ಪಟ್ಟಿ ಅವರಿಗೆ ಸರಿಹೋಗುತ್ತದೆ. ಎರಡೂ ಗುಂಪಿನ ಫಲಿತಾಂಶ ಕೂಡಿಸಿ ಒಂದೇ ಶೇಕಡಾ ಹೇಳಬಾರದು.

ಲೆಕ್ಕ ಹೀಗೆ. ತೊಂದರೆಯ ಪ್ರಮಾಣ ಶೇ 10ರ ಸುತ್ತ ಇರಬಹುದೆಂದು ಊಹಿಸಿ, ಉತ್ತರ ಎರಡು ಶೇಕಡಾ ಅಂಶ ಅತ್ತಿತ್ತ ಆದರೆ ಪರವಾಗಿಲ್ಲ ಎಂದುಕೊಂಡರೆ: 1.96ರ (ಶೇ 95 ವಿಶ್ವಾಸಕ್ಕೆ ಬಳಸುವ ಸಂಖ್ಯೆ) ವರ್ಗ ಅಂದರೆ 3.84, ಅದನ್ನು 0.10 ಮತ್ತು 0.90ರಿಂದ ಗುಣಿಸಿ, 0.02ರ ವರ್ಗದಿಂದ ಭಾಗಿಸಿ. 865 ಮಕ್ಕಳು ಬರುತ್ತದೆ. ಮಕ್ಕಳನ್ನು ನಗರದುದ್ದಕ್ಕೂ ಚದುರಿದಂತೆ ಆರಿಸದೆ ಅಕ್ಕಪಕ್ಕದ ಮನೆಗಳಿಂದ ಗುಂಪು ಗುಂಪಾಗಿ ಆರಿಸುವುದರಿಂದ ನಿಖರತೆ ತಗ್ಗುತ್ತದೆ, ಅದನ್ನು ಸರಿದೂಗಿಸಲು 1.5ರಿಂದ ಗುಣಿಸಿದರೆ ಸುಮಾರು 1,300. ಹತ್ತರಲ್ಲೊಂದು ಮನೆ ಸಿಗದು ಅಥವಾ ಒಪ್ಪದು ಎಂದು 0.9ರಿಂದ ಭಾಗಿಸಿದರೆ ಸುಮಾರು 1,440. ಮೂವತ್ತು ಗುಂಪು, ಗುಂಪಿಗೆ 48 ಮಕ್ಕಳು.

ಅಷ್ಟು ಹಣ ಇಲ್ಲದಿದ್ದರೆ ನಿಖರತೆಯನ್ನು ಮೂರು ಶೇಕಡಾ ಅಂಶಕ್ಕೆ ಸಡಿಲಿಸಬಹುದು, ಮೂಲ ಸಂಖ್ಯೆ 385ಕ್ಕೆ ಇಳಿಯುತ್ತದೆ. ಆದರೆ ಆಗ ಆಟಿಸಂ ಎಷ್ಟು, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಎಷ್ಟು ಎಂದು ಬಿಡಿಸಿ ಹೇಳಲು ಹೋಗಬೇಡಿ. ನೂರಕ್ಕೊಂದು ಇರುವ ತೊಂದರೆ 385 ಮಕ್ಕಳಲ್ಲಿ ನಾಲ್ಕೇ ಸಿಗುತ್ತದೆ, ನಾಲ್ಕರ ಮೇಲೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ.

3. ನಕ್ಷೆ: ಪಟ್ಟಿಯಲ್ಲಿ ಇಲ್ಲದ ಗುಡಿಸಲುಗಳು

1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾದ ಪ್ರದೇಶಗಳ ಪಟ್ಟಿ ಕೊಳಚೆ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ ಸಿಗುತ್ತದೆ. ಅದೊಂದನ್ನೇ ನೆಚ್ಚಿದರೆ ಅತಿ ಬಡವರೇ ಬಿಟ್ಟುಹೋಗುತ್ತಾರೆ. ಘೋಷಿತ ಕೊಳೆಗೇರಿ ಎಂದರೆ ಹಲವು ದಶಕ ಹಳೆಯದು, ಕಾಂಕ್ರೀಟ್ ಮನೆ, ನಲ್ಲಿ, ಮತದಾರರ ಚೀಟಿ ಇರುವಂಥದ್ದು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ, ಬಂಗಾಳದಿಂದ ಚಿಂದಿ ಆಯಲು ಬಂದವರ ನೀಲಿ ಟಾರ್ಪಾಲಿನ ಗುಡಿಸಲುಗಳು ಖಾಲಿ ನಿವೇಶನಗಳಲ್ಲಿವೆ, ಯಾವ ಪಟ್ಟಿಯಲ್ಲೂ ಇಲ್ಲ. ಅವನ್ನು ಹುಡುಕಲು ಉಪಗ್ರಹ ಚಿತ್ರ ನೋಡಿ (ನೀಲಿ ಚಾವಣಿ ಎದ್ದು ಕಾಣುತ್ತದೆ), ನೀರಿನ ಟ್ಯಾಂಕರ್ ಚಾಲಕರನ್ನು, ಆಶಾ ಕಾರ್ಯಕರ್ತೆಯರನ್ನು, ಗುತ್ತಿಗೆದಾರರ ಮೇಸ್ತ್ರಿಗಳನ್ನು ಕೇಳಿ. ಘೋಷಿತ, ಅಘೋಷಿತ ಎಂದು ಎರಡು ಸ್ತರ ಮಾಡಿಕೊಂಡು ಎರಡರಿಂದಲೂ ಗುಂಪುಗಳನ್ನು ಆರಿಸಿ.

ಗುಂಪು ಎಂದರೆ ಸುಮಾರು ನೂರು ಮನೆಯ ತುಂಡು. ಕೈಯಲ್ಲೇ ನಕ್ಷೆ ಬರೆದು ಪ್ರತಿ ಬಾಗಿಲಿಗೂ ಸಂಖ್ಯೆ ಕೊಡಿ. ಒಂದೇ ಬಾಗಿಲ ಹಿಂದೆ ಮೂರು ಒಲೆ ಉರಿಯುತ್ತಿದ್ದರೆ ಅದು ಮೂರು ಕುಟುಂಬ. ಮೆಟ್ಟಿಲ ಕೆಳಗಿನ ಕೋಣೆ, ಮಹಡಿಯ ಶೀಟಿನ ಮನೆ ಬಿಡಬೇಡಿ, ಬಾಡಿಗೆ ಕಡಿಮೆ ಇರುವುದು ಅಲ್ಲೇ. ನಕ್ಷೆ ಮಾಡಿದ ನಾಲ್ಕು ವಾರದೊಳಗೆ ಆ ಗುಂಪಿನ ಸಮೀಕ್ಷೆ ಮುಗಿಸಿ. ತಡವಾದರೆ ಅರ್ಧ ಗುಡಿಸಲು ಬೇರೆ ನಿವೇಶನಕ್ಕೆ ಹೋಗಿರುತ್ತವೆ.

4. ಕಾಣದ ಮಗುವನ್ನು ಪಟ್ಟಿಗೆ ತರುವುದು

ಇಡೀ ಸಮೀಕ್ಷೆಯ ಬೆಲೆ ಈ ಹಂತದಲ್ಲಿ ತೀರ್ಮಾನವಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

‘ನಿಮ್ಮನೇಲಿ ಎಷ್ಟು ಮಕ್ಕಳು?’ ಎಂದು ಕೇಳಿದರೆ ಬರುವ ಉತ್ತರದಲ್ಲಿ ಒಂದು ಮಗು ಬಿಟ್ಟುಹೋಗುವ ಸಾಧ್ಯತೆ ಇದೆ. ಸುಳ್ಳು ಹೇಳಬೇಕೆಂದಲ್ಲ. ಶಾಲೆ, ಲಸಿಕೆ, ರೇಷನ್ ಎಂದು ಬಂದವರಿಗೆಲ್ಲ ಓಡಾಡುವ ಮಕ್ಕಳ ಲೆಕ್ಕ ಕೊಟ್ಟು ರೂಢಿಯಾಗಿರುತ್ತದೆ. ದೊಡ್ಡ ಹೆಣ್ಣುಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದರಂತೂ ಒಳಕೋಣೆಯ ಮಗುವಿನ ಸುದ್ದಿ ಹೊರಗೆ ಬರದು. ಆದ್ದರಿಂದ ಮಕ್ಕಳ ಸಂಖ್ಯೆ ಕೇಳದೆ ಹೆರಿಗೆಗಳನ್ನು ಒಂದೊಂದಾಗಿ ಕೇಳಿ. ಮೊದಲ ಹೆರಿಗೆ ಯಾವಾಗ, ಎಲ್ಲಿ ಆಯಿತು, ಮಗುವಿನ ಹೆಸರೇನು, ಈಗ ಎಲ್ಲಿದೆ? ಆಮೇಲೆ ಎರಡನೆಯದು. ಹೀಗೆ ಹೋದರೆ ‘ಅವನು ಊರಲ್ಲಿ ಅಜ್ಜಿ ಹತ್ರ ಇದಾನೆ’ ಎಂಬ ಮಾತು ತಾನಾಗಿ ಬರುತ್ತದೆ.

ಊರಿಗೆ ಕಳಿಸಿದ ಮಕ್ಕಳಿಗೆ ನಮೂನೆಯಲ್ಲಿ ಪ್ರತ್ಯೇಕ ಸಾಲು ಇರಲಿ. ಕಳೆದ ಹನ್ನೆರಡು ತಿಂಗಳಲ್ಲಿ ಆರು ತಿಂಗಳು ಈ ಮನೆಯಲ್ಲಿ ಮಲಗಿದ ಮಗುವನ್ನು ಇಲ್ಲಿಯ ನಿವಾಸಿ ಎಂದು ಎಣಿಸಿ. ಉಳಿದವರು ಪ್ರಮಾಣದ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಅವರಲ್ಲಿ ಎಷ್ಟು ಜನಕ್ಕೆ ತೊಂದರೆ ಇದೆ ಎಂಬ ಸಂಖ್ಯೆ ವರದಿಯಲ್ಲಿ ಬೇರೆಯಾಗಿ ಬರಲೇಬೇಕು. ನಗರದಲ್ಲಿ ನೋಡಿಕೊಳ್ಳುವವರಿಲ್ಲ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆ ಇರುವ ನಗರದಿಂದ ಚಿಕಿತ್ಸೆ ಇಲ್ಲದ ಹಳ್ಳಿಗೆ ಹೋದ ಮಕ್ಕಳು ಇವರು.

ಒಂದು ಮನೆಯಿಂದ ಒಂದೇ ಮಗುವನ್ನು ಆರಿಸುವುದಾದರೆ ಆಯ್ಕೆ ತಾಯಿಯದೂ ಆಗಬಾರದು, ಸಮೀಕ್ಷಕಿಯದೂ ಆಗಬಾರದು. ತೊಂದರೆ ಇರುವ ಮಗುವಿದ್ದರೆ ‘ಇವನನ್ನೇ ನೋಡಿ ಮೇಡಂ’ ಎಂದು ತಾಯಿ ಮುಂದೆ ತರುತ್ತಾಳೆ, ಅದು ಸಹಜ. ಅದರಿಂದ ಪ್ರಮಾಣ ಸುಳ್ಳಾಗಿ ಏರುತ್ತದೆ. ಫೋನಿನ ನಮೂನೆಯೇ ಯಾದೃಚ್ಛಿಕವಾಗಿ ಹೆಸರು ಆರಿಸುವಂತೆ ಮಾಡಿ, ವಿಶ್ಲೇಷಣೆಯಲ್ಲಿ ಆ ಮನೆಯ ಮಕ್ಕಳ ಸಂಖ್ಯೆಯಿಂದ ತೂಕ ಕೊಡಿ (ಮೂರು ಮಕ್ಕಳ ಮನೆಯಿಂದ ಬಂದ ಒಂದು ಮಗು ಮೂರಕ್ಕೆ ಸಮ). ಆಯ್ಕೆಯಾಗದ ಮಗುವನ್ನೂ ಆಸ್ಪತ್ರೆಗೆ ಕಳಿಸಿಕೊಡಿ, ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ.

ಹೋಗುವ ಹೊತ್ತೂ ಮುಖ್ಯ. ಮನೆಗೆಲಸದವರು ಬೆಳಗ್ಗೆ ಆರಕ್ಕೇ ಹೊರಟು ಮಧ್ಯಾಹ್ನ ಮನೆಯಲ್ಲಿರುತ್ತಾರೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಿಗುವುದು ಸಂಜೆ ಆರರ ಮೇಲೆ ಅಥವಾ ಭಾನುವಾರ. ನಲ್ಲಿಯಲ್ಲಿ ನೀರು ಬಿಡುವ ಹೊತ್ತಿಗೆ ಯಾರೂ ಮಾತಿಗೆ ಸಿಗುವುದಿಲ್ಲ. ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ, ಆಮೇಲಷ್ಟೇ ‘ಸಿಗಲಿಲ್ಲ’ ಎಂದು ಬರೆಯಿರಿ. ಪಕ್ಕದ ಮನೆಯನ್ನು ಬದಲಿಗೆ ಹಿಡಿಯಬೇಡಿ. ಮಗುವಿನ ಕಾರಣದಿಂದ ಕೆಲಸ ಬಿಟ್ಟು ಮನೆಯಲ್ಲಿರುವ ತಾಯಂದಿರೇ ಹಗಲಿನಲ್ಲಿ ಸುಲಭವಾಗಿ ಸಿಗುತ್ತಾರೆ. ಬದಲಿ ಮನೆ ಹಿಡಿಯುತ್ತಾ ಹೋದರೆ ಅಂಥವರೇ ಹೆಚ್ಚಾಗುತ್ತಾರೆ.

ವಯಸ್ಸಿಗೆ ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ನೋಡಿ. ಆಧಾರಿನಲ್ಲಿ ಜನವರಿ 1 ಎಂದಿದ್ದರೆ ನಂಬಬೇಡಿ. ಯಾವ ಕಾಗದವೂ ಇಲ್ಲದಿದ್ದರೆ ಘಟನೆಗಳ ಪಂಚಾಂಗ ಬಳಸಿ: ನೋಟು ರದ್ದಾದ 2016ರ ನವೆಂಬರ್, ಲಾಕ್‌ಡೌನ್ ಆದ 2020ರ ಮಾರ್ಚ್, ಆಯಾ ವರ್ಷದ ಯುಗಾದಿ, ರಂಜಾನ್, ಕರಗ, ಗಣೇಶ ಹಬ್ಬ. ಎರಡೂವರೆ ವರ್ಷದ ಮಗುವನ್ನು ಮೂರೂವರೆ ಎಂದು ಬರೆದುಕೊಂಡರೆ ಮಾತು ತಡವಾಗಿದೆ ಎಂಬ ಹುಸಿ ತೀರ್ಮಾನ ಬರುತ್ತದೆ.

5. ಹತ್ತು ಪ್ರಶ್ನೆಗಳು, ಮತ್ತು ಅವನ್ನು ಕನ್ನಡದಲ್ಲಿ ಕೇಳುವ ಬಗೆ

ಮೊದಲ ಹಂತದ ತಪಾಸಣೆಗೆ ‘ಹತ್ತು ಪ್ರಶ್ನೆಗಳು’ ಎಂಬ ಪಟ್ಟಿ ಇವತ್ತಿಗೂ ಉಪಯುಕ್ತ. ಎರಡರಿಂದ ಒಂಬತ್ತು ವರ್ಷದ ಮಕ್ಕಳಿಗೆಂದೇ ಮಾಡಿದ್ದು. ಬಾಂಗ್ಲಾದೇಶ, ಜಮೈಕಾ, ಪಾಕಿಸ್ತಾನಗಳಲ್ಲಿ 22,000ಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷೆಗೆ ಒಳಪಟ್ಟದ್ದು. ತೀವ್ರವಾದ ಬೌದ್ಧಿಕ, ಚಲನೆಯ ಮತ್ತು ಫಿಟ್ಸ್ ತೊಂದರೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಮೊದಲೇ ಗೊತ್ತಿರದ ದೃಷ್ಟಿ, ಶ್ರವಣ ದೋಷವನ್ನು ಹಿಡಿಯುವುದಿಲ್ಲ, ಅದಕ್ಕೆ ಪರೀಕ್ಷೆಯೇ ಬೇಕು. ಯುನಿಸೆಫ್ ಮತ್ತು ಅಂಗವೈಕಲ್ಯದ ಅಂಕಿಅಂಶಗಳಿಗಾಗಿ ಇರುವ ವಾಷಿಂಗ್ಟನ್ ಗುಂಪು 2016ರಲ್ಲಿ ಹೊರತಂದ ಮಕ್ಕಳ ಕಾರ್ಯಸಾಮರ್ಥ್ಯದ ಪ್ರಶ್ನಾವಳಿ 2ರಿಂದ 4 ಮತ್ತು 5ರಿಂದ 17 ವರ್ಷಕ್ಕೆ ಬೇರೆ ಬೇರೆಯಾಗಿದೆ. ‘ಸ್ವಲ್ಪ ಕಷ್ಟ, ತುಂಬಾ ಕಷ್ಟ’ ಎಂಬ ಮಟ್ಟಗಳಿರುವುದರಿಂದ ಉತ್ತರ ಇನ್ನೂ ಸೂಕ್ಷ್ಮವಾಗಿ ಬರುತ್ತದೆ. ಸಮಯವೂ ಹೆಚ್ಚು ಬೇಕು. ತಂಡ ಹೊಸದಾದರೆ ಹತ್ತು ಪ್ರಶ್ನೆಗಳಿಂದಲೇ ಶುರು ಮಾಡುವುದು ಮೇಲು.

ಅದರಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಹೆಚ್ಚಿನ ಪ್ರಶ್ನೆಗಳಿಗೆ ‘ಹೌದು’ ಎಂದರೆ ತೊಂದರೆ ಇದೆ ಎಂದರ್ಥ: ನಡೆಯುವುದು ತಡವಾಯಿತಾ, ಕೇಳಿಸುವುದು ಕಷ್ಟವಾ, ಕೈಕಾಲು ಬಿಗಿಯಾ. ಆದರೆ ನಾಲ್ಕನೆಯದು (ಹೇಳಿದ್ದು ಅರ್ಥವಾಗುತ್ತದಾ), ಏಳನೆಯದು (ಬೇರೆ ಮಕ್ಕಳಂತೆ ಕಲಿಯುತ್ತದಾ) ಮತ್ತು ಎಂಟನೆಯದರಲ್ಲಿ (ಮಾತಾಡುತ್ತದಾ) ‘ಇಲ್ಲ’ ಎಂದರೆ ತೊಂದರೆ. ಒಂಬತ್ತನೆಯದು ಎರಡು ವರ್ಷದವರಿಗೆ ಒಂದು ರೀತಿ, ಮೂರು ದಾಟಿದವರಿಗೆ ಇನ್ನೊಂದು. ಸಂಜೆ ಹೊತ್ತು ದಣಿದ ಸಮೀಕ್ಷಕಿ ಸಾಲಾಗಿ ‘ಇಲ್ಲ’ ಒತ್ತುತ್ತಾ ಹೋದರೆ ಚೆನ್ನಾಗಿರುವ ಮಗು ಮೂರು ತೊಂದರೆಯದಾಗುತ್ತದೆ. ಫೋನಿನ ನಮೂನೆಯಲ್ಲಿ ಈ ಪ್ರಶ್ನೆಗಳಿಗೆ ಬೇರೆ ಬಣ್ಣ ಕೊಡಿ. ನಾಲ್ಕು, ಏಳು, ಎಂಟು ಮೂರಕ್ಕೂ ತೊಂದರೆಯ ಉತ್ತರ ಬಂದು ಉಳಿದೆಲ್ಲ ಸರಿ ಇದ್ದರೆ ‘ಮತ್ತೊಮ್ಮೆ ಕೇಳಿ’ ಎಂಬ ಸೂಚನೆ ಬರುವಂತೆ ಮಾಡಿ.

ಪ್ರಶ್ನೆ ಆಡುಮಾತಿನಲ್ಲಿರಲಿ. ‘ನಿಮ್ಮ ಮಗುವಿನಲ್ಲಿ ಬೌದ್ಧಿಕ ಬೆಳವಣಿಗೆಯ ವಿಳಂಬ ಕಂಡುಬಂದಿದೆಯೇ’ ಎಂದರೆ ಯಾವ ತಾಯಿಯೂ ಹೌದೆನ್ನಲಾರಳು. ‘ಇವನ ವಾರಿಗೆ ಮಕ್ಕಳು ಮಾಡೋದನ್ನೆಲ್ಲ ಇವನು ಮಾಡ್ತಾನಾ? ಅಂಗಡಿಗೆ ಕಳಿಸಿದ್ರೆ ಹೇಳಿದ್ದನ್ನ ತರ್ತಾನಾ?’ ಎಂದರೆ ಮಾತು ಬೆಳೆಯುತ್ತದೆ. ಫಿಟ್ಸ್ ಎಂಬ ಮಾತು ನಗರದಲ್ಲಿ ಎಲ್ಲರಿಗೂ ಗೊತ್ತು, ಹಳಬರು ಮೂರ್ಛೆ, ಬಾಲಗ್ರಹ ಎನ್ನುವುದೂ ಉಂಟು. ಮೂರನ್ನೂ ಹೇಳಿ ಕೇಳಿ, ಕೊನೆಗೆ ‘ಜ್ವರ ಬಂದಾಗ ಮಾತ್ರವಾ, ಜ್ವರ ಇಲ್ಲದಾಗಲೂ ಬಂದಿತ್ತಾ’ ಎಂಬ ಮರುಪ್ರಶ್ನೆ ಇರಲಿ. ಐದು ವರ್ಷದೊಳಗೆ ಜ್ವರದ ಜೊತೆ ಬರುವ ಫಿಟ್ಸ್ ಬೇರೆ. ಜ್ವರವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ಅಪಸ್ಮಾರದ ಕಡೆಗೆ ನೋಡಬೇಕು. ಮೂಗ, ಪೆದ್ದು, ಹುಚ್ಚು ಎಂಬ ಮಾತುಗಳನ್ನು ತಾಯಿ ತಾನೇ ಬಳಸಿದರೂ ಸಮೀಕ್ಷಕಿ ಬಳಸಕೂಡದು.

ಬೆಂಗಳೂರಿನ ಕೊಳೆಗೇರಿಗಳಲ್ಲಿ ಕನ್ನಡವೊಂದೇ ಸಾಲದು. ತಮಿಳು, ತೆಲುಗು, ದಖನಿ ಉರ್ದುವಿನ ಪ್ರಶ್ನಾವಳಿಗಳೂ ಬೇಕು. ಪ್ರತಿಯೊಂದನ್ನೂ ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಹಿಂದಕ್ಕೆ ಅನುವಾದಿಸಿ ಹೋಲಿಸಿದ ಮೇಲೆ, ಭಾಷೆಗೆ ಹತ್ತು ತಾಯಂದಿರಿಗೆ ಕೇಳಿ ‘ನಿಮಗೆ ಏನು ಅರ್ಥವಾಯಿತು’ ಎಂದು ಅವರ ಮಾತಿನಲ್ಲೇ ಹೇಳಿಸಿ. ಕನ್ನಡದಲ್ಲೂ ರಾಯಚೂರಿನ ತಾಯಿಗೆ ಕೇಳುವಾಗ ಅವರ ಕಡೆಯ ಮಾತು ಬಲ್ಲವರು ಹೋದರೆ ಉತ್ತರದ ಗುಣವೇ ಬೇರೆ.

‘ಅವರಪ್ಪನಿಗೂ ಮಾತು ತಡವಾಗೇ ಬಂತು’ ಎಂಬ ಉತ್ತರ ಬಹಳ ಸಿಗುತ್ತದೆ. ಅದನ್ನು ‘ತೊಂದರೆ ಇಲ್ಲ’ ಎಂದು ಬರೆಯಬೇಡಿ. ತಡವಾಗಿದೆಯೇ ಎಂಬುದಷ್ಟೇ ಪ್ರಶ್ನೆ, ಅದರ ಕಾರಣವನ್ನು ಎರಡನೇ ಹಂತದವರು ನೋಡುತ್ತಾರೆ.

6. ಎರಡನೇ ಹಂತ: ತಜ್ಞರ ಪರೀಕ್ಷೆ

ಹತ್ತರಲ್ಲಿ ಒಂದಕ್ಕಾದರೂ ತೊಂದರೆಯ ಉತ್ತರ ಬಂದ ಎಲ್ಲ ಮಕ್ಕಳನ್ನೂ ತಜ್ಞರಿಗೆ ತೋರಿಸಬೇಕು. ಜೊತೆಗೆ ಎಲ್ಲಕ್ಕೂ ಸರಿ ಎಂದು ಬಂದವರಲ್ಲಿ ಹತ್ತಕ್ಕೊಬ್ಬರನ್ನು ಚೀಟಿ ಎತ್ತಿ ಆರಿಸಿ ಅವರನ್ನೂ ತೋರಿಸಬೇಕು. ಖರ್ಚು ಉಳಿಸಲು ಹೆಚ್ಚಿನವರು ಕೈಬಿಡುವುದು ಈ ಎರಡನೆಯ ಭಾಗವನ್ನೇ. ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಿ.

1,300 ಮಕ್ಕಳ ತಪಾಸಣೆಯಾಯಿತು. 180 ಮಕ್ಕಳಿಗೆ ತೊಂದರೆಯ ಉತ್ತರ, ಅವರಲ್ಲಿ 160 ಜನ ಪರೀಕ್ಷೆಗೆ ಬಂದರು, 104 ಮಕ್ಕಳಿಗೆ ತೊಂದರೆ ಖಚಿತವಾಯಿತು. ಇಲ್ಲಿಗೇ ನಿಲ್ಲಿಸಿದರೆ 104ನ್ನು 1,300ರಿಂದ ಭಾಗಿಸಿ ಶೇ 8 ಎಂದು ಬರೆಯುತ್ತೀರಿ. ಈಗ ಉಳಿದ 1,120 ಮಕ್ಕಳಲ್ಲಿ 112 ಜನರನ್ನು ಪರೀಕ್ಷಿಸಿದಿರಿ, ನಾಲ್ವರಿಗೆ ತೊಂದರೆ ಇತ್ತು ಎಂದುಕೊಳ್ಳಿ. ಆ ನಾಲ್ಕು ಮಕ್ಕಳು ಇಡೀ ಗುಂಪಿನ 40 ಮಕ್ಕಳಿಗೆ ಸಮ. ಮೊದಲ ಗುಂಪಿನಲ್ಲೂ ಬಾರದ 20 ಮಕ್ಕಳಿಗೆ ಅದೇ ಪ್ರಮಾಣ, ಅಂದರೆ ಶೇ 65 ಹಚ್ಚಿದರೆ 117. ಒಟ್ಟು 157, ಪ್ರಮಾಣ ಶೇ 12.1. ನಾಲ್ಕು ಶೇಕಡಾ ಅಂಶದ ಈ ಅಂತರದಲ್ಲಿ ಹೆಚ್ಚಿನವರು ಸೌಮ್ಯ ಬೌದ್ಧಿಕ ತೊಂದರೆಯ, ಒಂದು ಕಿವಿ ಕೇಳದ, ಕಲಿಕಾ ನ್ಯೂನತೆಯ ಮಕ್ಕಳು, ಅಂದರೆ ಸಹಾಯ ಸಿಕ್ಕರೆ ಬಹಳ ಮುಂದೆ ಹೋಗಬಲ್ಲವರು.

ಮಗು ಯಾವ ಗುಂಪಿನಿಂದ ಬಂದಿದೆ ಎಂಬುದು ತಜ್ಞರಿಗೆ ಗೊತ್ತಾಗಬಾರದು. ಎರಡೂ ಬಗೆಯ ಮಕ್ಕಳನ್ನು ಒಂದೇ ದಿನ ಬೆರೆಸಿ ಕರೆಯಿರಿ. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ವಾಕ್ ಶ್ರವಣ ತಜ್ಞರು, ಫಿಸಿಯೋಥೆರಪಿಸ್ಟ್ ಹೀಗೆ ನಾಲ್ವರ ತಂಡಕ್ಕೆ ದಿನಕ್ಕೆ ಆರು ಮಕ್ಕಳಿಗಿಂತ ಹೆಚ್ಚು ಇಡಬೇಡಿ. 292 ಮಕ್ಕಳಿಗೆ ಸುಮಾರು ಐವತ್ತು ದಿನ ಬೇಕು. ಹಣದ ಅಂದಾಜು ತಪ್ಪುವುದು ಇಲ್ಲೇ, ತಜ್ಞರ ದಿನಗಳನ್ನು ಮೊದಲೇ ಎಣಿಸಿಟ್ಟುಕೊಳ್ಳಿ.

ಉಪಕರಣಗಳು ಹೀಗಿರಲಿ. ಹೊಂದಾಣಿಕೆಯ ಕೌಶಲಕ್ಕೆ (ಊಟ, ಬಟ್ಟೆಯಂಥ ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳುವುದು) ಮನಶ್ಶಾಸ್ತ್ರಜ್ಞ ಮಾಲಿನ್ ಭಾರತಕ್ಕೆ ಅಳವಡಿಸಿದ 89 ಅಂಶಗಳ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪನ. ಬುದ್ಧಿಮಟ್ಟಕ್ಕೆ ಬಿನೆ-ಕಾಮತ್ ಪರೀಕ್ಷೆ ಬಳಕೆಯಲ್ಲಿದೆ. ಅದು 1930ರ ದಶಕದಲ್ಲಿ ಧಾರವಾಡ ಕಡೆಯ ಕನ್ನಡ, ಮರಾಠಿ ಮಕ್ಕಳಿಗಾಗಿ ರೂಪುಗೊಂಡದ್ದು, ಮಾನಕಗಳು ಹಳೆಯವು, ಅದೊಂದರ ಮೇಲೆಯೇ ಮಗುವಿನ ಹಣೆಬರಹ ಬರೆಯಬೇಡಿ. ಆಟಿಸಂಗೆ 40 ಅಂಶಗಳ ಭಾರತೀಯ ಆಟಿಸಂ ಮಾಪನ, 70 ಅಥವಾ ಹೆಚ್ಚು ಅಂಕ ಬಂದರೆ ಆಟಿಸಂ. ಸೆರೆಬ್ರಲ್ ಪಾಲ್ಸಿಗೆ ಐದು ಮಟ್ಟಗಳ ಚಲನಾ ವರ್ಗೀಕರಣ.

ಕಿವಿಯ ಪರೀಕ್ಷೆ ಎಲ್ಲಕ್ಕಿಂತ ಮೊದಲು. ಕಿವಿ ಸೋರುವುದನ್ನು ವರ್ಷಗಟ್ಟಲೆ ಹಾಗೇ ಬಿಟ್ಟ ಮಕ್ಕಳು ಕೊಳೆಗೇರಿಯಲ್ಲಿ ಸಾಕಷ್ಟಿದ್ದಾರೆ. ಕೇಳಿಸದ ಮಗುವಿಗೆ ಬುದ್ಧಿಮಟ್ಟದ ಪರೀಕ್ಷೆ ಮಾಡಿ ‘ಬೌದ್ಧಿಕ ಅಂಗವೈಕಲ್ಯ’ ಎಂದು ಬರೆದರೆ ಆ ಕಾಗದ ಜೀವನಪೂರ್ತಿ ಬೆನ್ನು ಹತ್ತುತ್ತದೆ. ಓಟೊಸ್ಕೋಪಿನಿಂದ ಗುಗ್ಗೆ ಇದೆಯೇ ನೋಡಿ ತೆಗೆಸಿ, ಆಮೇಲೆ ಶ್ರವಣ ಪರೀಕ್ಷೆ. ಹಿನ್ನೆಲೆ ಸದ್ದು 40 ಡೆಸಿಬೆಲ್‌ಗಿಂತ ಕಡಿಮೆ ಇರಬೇಕು. ರಸ್ತೆ ಬದಿಯ ಸಮುದಾಯ ಭವನದಲ್ಲಿ ಇದು ಸಾಧ್ಯವಿಲ್ಲ, ಒಳಗಿನ ಕೋಣೆಯೋ ಆಸ್ಪತ್ರೆಯೋ ಬೇಕು. ಕಣ್ಣಿಗೆ ಚಿಕ್ಕವರಾದರೆ ಚಿತ್ರಗಳ ಪಟ್ಟಿ, ದೊಡ್ಡವರಾದರೆ ‘ಇ’ ಪಟ್ಟಿ.

ಕಲಿಕಾ ನ್ಯೂನತೆಯನ್ನು ಎಂಟು ವರ್ಷ ತುಂಬುವ ಮೊದಲು ಹೇಳಬಾರದು. ಎಂಟಾದ ಮೇಲೂ ಎಚ್ಚರ ಬೇಕು. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿರುವ ಮಗುವಿಗೆ ಇಂಗ್ಲಿಷ್ ಪಾಠ ಓದಲು ಬರದಿದ್ದರೆ ಅದು ನ್ಯೂನತೆಯೇ ಆಗಬೇಕಿಲ್ಲ. ಕಲಿಸಿದ ರೀತಿಯನ್ನೂ, ಶಾಲೆ ತಪ್ಪಿದ ತಿಂಗಳುಗಳನ್ನೂ ಲೆಕ್ಕಕ್ಕೆ ತಗೊಳ್ಳಿ.

ಕಾರಣಗಳ ಬಗ್ಗೆಯೂ ಪ್ರಶ್ನೆ ಇರಲಿ: ಹುಟ್ಟಿದ ಕೂಡಲೇ ಅತ್ತಿತೇ, ತೂಕ ಎಷ್ಟಿತ್ತು, ಅವಧಿಗೆ ಮುಂಚೆ ಹುಟ್ಟಿತೇ, ಮೊದಲ ತಿಂಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರೇ, ಮೆದುಳು ಜ್ವರ ಬಂದಿತ್ತೇ. ಎತ್ತರ ಅಳೆಯಿರಿ. ಇನ್‌ಕ್ಲೆನ್ ಅಧ್ಯಯನದಲ್ಲಿ ತೊಂದರೆಯ ಜೊತೆ ನಂಟು ಕಂಡದ್ದು ಇಂಥ ಅಂಶಗಳಿಗೇ, ಇವುಗಳಲ್ಲಿ ಹಲವು ತಡೆಯಬಲ್ಲವು. ರಕ್ತಸಂಬಂಧದ ಮದುವೆಯನ್ನು ನೇರವಾಗಿ ಕೇಳಿದರೆ ತಪ್ಪು ಹೊರಿಸಿದಂತೆ ಆಗುತ್ತದೆ. ‘ನಿಮ್ಮ ಯಜಮಾನರು ಮದುವೆಗೆ ಮೊದಲೇ ಸಂಬಂಧಿಕರಾ, ಸೋದರಮಾವನಾ, ಅತ್ತೆ ಮಗನಾ’ ಎಂದರೆ ನಮ್ಮ ಕಡೆ ಸಹಜವಾಗಿ ಉತ್ತರ ಸಿಗುತ್ತದೆ.

ಪರೀಕ್ಷೆಗೆ ಬಾರದವರ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ. ಎತ್ತಿಕೊಂಡು ಬರಲಾಗದಷ್ಟು ದೊಡ್ಡದಾದ, ತೀವ್ರ ತೊಂದರೆಯ ಮಕ್ಕಳೇ ಅದರಲ್ಲಿ ಉಳಿದಿರುತ್ತಾರೆ. ಅವರಿಗೆ ತಂಡವೇ ಮನೆಗೆ ಹೋಗಬೇಕು. ಉಳಿದವರಿಗೆ ಆಟೊ ಬಾಡಿಗೆ, ತಾಯಿಯ ಅಂದಿನ ಕೂಲಿ, ಮಗುವಿಗೂ ಜೊತೆಗೆ ಬಂದ ತಮ್ಮ ತಂಗಿಯರಿಗೂ ಊಟ. ಇದನ್ನು ಬಜೆಟ್ಟಿನಲ್ಲೇ ಬರೆಯಿರಿ, ನೈತಿಕ ಸಮಿತಿಗೂ ತಿಳಿಸಿ.

7. ಗುಣಮಟ್ಟ

ಇಬ್ಬರು ಸಮೀಕ್ಷಕಿಯರ ಜೋಡಿ ದಿನಕ್ಕೆ ಹತ್ತು ಮಕ್ಕಳ ಸಂದರ್ಶನ ಮುಗಿಸಬಲ್ಲದು. ಮೂರು ಜೋಡಿಗೆ ಒಬ್ಬ ಮೇಲ್ವಿಚಾರಕಿ. ಆಕೆ ನೂರರಲ್ಲಿ ಐದು ಮನೆಗಳಿಗೆ ಮರುದಿನ ತಾನೇ ಹೋಗಿ ನಾಲ್ಕೈದು ಪ್ರಶ್ನೆ ಮತ್ತೆ ಕೇಳಬೇಕು. ವಾರದ ಕೊನೆಗೆ ಪ್ರತಿ ಜೋಡಿಗೂ ಎಷ್ಟು ಶೇಕಡಾ ತೊಂದರೆಯ ಉತ್ತರ ಬಂದಿದೆ ಎಂದು ಹೋಲಿಸಿ. ಉಳಿದವರಿಗೆ ಶೇ 14 ಬಂದು ಒಂದು ಜೋಡಿಗೆ ಶೇ 5 ಬಂದರೆ ಆ ಬೀದಿಯ ಮಕ್ಕಳು ಹೆಚ್ಚು ಆರೋಗ್ಯವಂತರೆಂದು ತಿಳಿಯಬೇಡಿ. ಬಾಗಿಲಲ್ಲೇ ನಿಂತು ಬೇಗ ಬೇಗ ಕೇಳಿದ್ದಾರೆಯೇ, ತಾಯಿಯ ಬದಲು ಅತ್ತೆಗೆ ಕೇಳಿದ್ದಾರೆಯೇ ಎಂದು ನೋಡಿ.

8. ಮಾಹಿತಿ ಮತ್ತು ವರದಿ

ಹೆಸರು, ಫೋನ್, ಮನೆ ಸಂಖ್ಯೆ ಒಂದು ಕಡತದಲ್ಲಿ, ಉತ್ತರಗಳು ಇನ್ನೊಂದರಲ್ಲಿ, ಎರಡನ್ನೂ ಜೋಡಿಸುವ ಗುರುತಿನ ಸಂಖ್ಯೆ ಮಾತ್ರ ಸಾಮಾನ್ಯ. ಕೋಬೊ, ಓಡಿಕೆಯಂಥ ಉಚಿತ ತಂತ್ರಾಂಶ ಸಾಕು. ವಿಶ್ಲೇಷಣೆಯಲ್ಲಿ ಗುಂಪು, ಸ್ತರ, ತೂಕ ಮೂರನ್ನೂ ಲೆಕ್ಕಕ್ಕೆ ತಗೊಳ್ಳದಿದ್ದರೆ ವಿಶ್ವಾಸಾಂತರ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) ಸುಳ್ಳಾಗಿ ಕಿರಿದಾಗುತ್ತದೆ. ವರದಿಯಲ್ಲಿ ಬೀದಿಯ ಹೆಸರು ಬೇಡ, ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿರುವ ಚೌಕದ ಸಂಖ್ಯೆಯನ್ನು ಮುದ್ರಿಸಬೇಡಿ. ನೂರು ಮನೆಯ ಕೇರಿಯಲ್ಲಿ ‘ಗಾಲಿಕುರ್ಚಿ ಬೇಕಾದ ಎಂಟು ವರ್ಷದ ಹುಡುಗಿ’ ಎಂದರೆ ಅದು ಹೆಸರು ಹೇಳಿದಂತೆಯೇ.

ಪ್ರತಿ ಮಗುವಿನ ಫಲಿತಾಂಶವನ್ನು ತಾಯಿಗೆ ಪ್ರತ್ಯೇಕವಾಗಿ, ಒಂದು ಪುಟದ ಸರಳ ಕನ್ನಡದಲ್ಲಿ (ಅಥವಾ ಅವರ ಭಾಷೆಯಲ್ಲಿ) ಬರೆದು, ಓದಿ ಹೇಳಿ ಕೊಡಿ. ಏನು ತೊಂದರೆ, ಮುಂದೆ ಎಲ್ಲಿಗೆ, ಮನೆಯಲ್ಲಿ ಏನು ಮಾಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಬಹುತೇಕ ಸವಲತ್ತು ಸಿಗುವುದರಿಂದ ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿಯನ್ನು ಅದೇ ದಿನ ಕೂತು ತುಂಬಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಅದಕ್ಕೂ ಅರ್ಜಿ ಹಾಕಿಸಿ.

ಒಟ್ಟು ಸಂಖ್ಯೆಗಳನ್ನು ಒಂದೇ ದಪ್ಪ ವರದಿಯಾಗಿ ಎಲ್ಲರಿಗೂ ಕಳಿಸುವ ಬದಲು ಕಚೇರಿಗೆ ತಕ್ಕಂತೆ ಬಿಡಿಸಿ. ಶಾಲೆಯಿಂದ ಹೊರಗಿರುವವರ ಸಂಖ್ಯೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಶ್ರವಣಯಂತ್ರ ಮತ್ತು ಗಾಲಿಕುರ್ಚಿ ಬೇಕಾದವರದ್ದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ, ಕಿವಿ ಸೋರುವ, ಫಿಟ್ಸ್ ಮಾತ್ರೆ ಬೇಕಾದ ಮಕ್ಕಳದ್ದು ವಾರ್ಡಿನ ಆರೋಗ್ಯ ಕೇಂದ್ರಕ್ಕೆ. ಮಕ್ಕಳ ಹೆಸರಿರುವ ಪಟ್ಟಿ ಕೇಳಿದರೆ ಪ್ರತಿ ಪೋಷಕರಿಂದ ಆ ಕಚೇರಿಗೆಂದೇ ಹೊಸದಾಗಿ ಲಿಖಿತ ಒಪ್ಪಿಗೆ ಪಡೆದು, ಒಪ್ಪಿದವರ ಹೆಸರನ್ನಷ್ಟೇ ಕೊಡಿ. ಆರು ತಿಂಗಳ ನಂತರ ಪಟ್ಟಿಯಲ್ಲಿರುವ ಎಲ್ಲ ಮನೆಗೂ ಫೋನ್ ಮಾಡಿ, ಎಷ್ಟು ಮಕ್ಕಳು ಆಸ್ಪತ್ರೆ ತಲುಪಿದರು, ಎಷ್ಟು ಜನಕ್ಕೆ ಕಾರ್ಡ್ ಬಂತು, ಎಲ್ಲಿ ನಿಂತುಹೋಯಿತು ಎಂದು ಬರೆದುಕೊಂಡು ವರದಿಗೆ ಅನುಬಂಧವಾಗಿ ಸೇರಿಸಿ.